ಗಾಯಗೊಂಡ ಯೋಧ ಮನೆಗೆ ಬಂದ ಮೇಲೆ: ಮನೆಯವರು ಏನು ಮಾಡಬೇಕು, ಏನು ಬಿಡಬೇಕು

ಮಿಲಿಟರಿ ಆಸ್ಪತ್ರೆಯಲ್ಲಿ ಇರುವಷ್ಟು ದಿನ ಎಲ್ಲಾ ಟೈಮಿಗೆ ಸರಿಯಾಗಿ ನಡೆಯುತ್ತದೆ. ಡ್ರೆಸ್ಸಿಂಗ್, ಮಾತ್ರೆ, ವ್ಯಾಯಾಮ, ಊಟ, ಎಲ್ಲಕ್ಕೂ ಒಬ್ಬೊಬ್ಬರು ಇರುತ್ತಾರೆ. ಮನೆಗೆ ಬಂದ ಮಾರನೇ ದಿನದಿಂದ ಅದೆಲ್ಲಾ ಹೆಂಡತಿ, ತಾಯಿ, ತಮ್ಮಂದಿರ ತಲೆ ಮೇಲೆ ಬೀಳುತ್ತದೆ, ಹೇಗೆ ಮಾಡಬೇಕು ಅಂತ ಕೂರಿಸಿಕೊಂಡು ಹೇಳಿಕೊಟ್ಟವರು ಮಾತ್ರ ಯಾರೂ ಇರುವುದಿಲ್ಲ. ನಮ್ಮಣ್ಣ ಗಡಿಯಲ್ಲಿ ಮೈನ್ ಸಿಡಿದು ಮೊಣಕಾಲಿನ ಕೆಳಗೆ ಒಂದು ಕಾಲು ಕಳೆದುಕೊಂಡು ಬಂದವನು. ಅವನ ಜೊತೆ ಇದ್ದು ಕಲಿತದ್ದು, ಆಮೇಲೆ ಬೇರೆ ಮಾಜಿ ಸೈನಿಕರ ಮನೆಗಳಲ್ಲಿ ನೋಡಿದ್ದು ಸೇರಿಸಿ ಬರೆಯುತ್ತಿದ್ದೇನೆ. ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೇಳಿ.

ಮೊದಲೇ ಹೇಳಿಬಿಡುತ್ತೇನೆ: ಅತಿಯಾಗಿ ಸೇವೆ ಮಾಡಬೇಡಿ. ತಟ್ಟೆ ಕೈಗೆ ಕೊಡುವುದು, ಚಪ್ಪಲಿ ಹಾಕಿಸುವುದು, ಅವರ ಪರವಾಗಿ ನೀವೇ ಮಾತಾಡುವುದು, ಇವೆಲ್ಲ ಪ್ರೀತಿಯಿಂದಲೇ ಶುರುವಾಗುತ್ತವೆ. ಆದರೆ ಸೈನಿಕರ ಒಂದು ಸಣ್ಣ ತುಕಡಿಯನ್ನು ನಡೆಸಿದ ಮನುಷ್ಯನಿಗೆ ತನ್ನ ನೀರಿನ ಲೋಟಕ್ಕೂ ಇನ್ನೊಬ್ಬರನ್ನು ಕಾಯಬೇಕಾದರೆ ಹೇಗಿರುತ್ತದೆ ಹೇಳಿ? ಅವರು ತಾವೇ ಮಾಡಿಕೊಳ್ಳುವ ಹಾಗೆ ಮನೆ ಸಿದ್ಧ ಮಾಡಿ, ಆಮೇಲೆ ಸ್ವಲ್ಪ ದೂರ ನಿಲ್ಲಿ. ಕೆಳಗೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಇದಕ್ಕೇ ಸಂಬಂಧಪಟ್ಟದ್ದು.

ಡಿಸ್ಚಾರ್ಜ್ ಆಗುವ ಮುಂಚೆ

ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೋ ಅವರು ಕೊನೆಯ ಕೆಲವು ದಿನ ಆಸ್ಪತ್ರೆಯಲ್ಲೇ ಇರಬೇಕು. ನಿಂತು ನೋಡಿದರೆ ಸಾಲದು, ನರ್ಸ್ ಎದುರಿಗೆ ನಿಮ್ಮ ಕೈಯಿಂದಲೇ ಡ್ರೆಸ್ಸಿಂಗ್ ಮಾಡಿ, ಮಂಚದಿಂದ ವೀಲ್‌ಚೇರಿಗೆ ಕೂರಿಸಿ, ಮೂತ್ರದ ಪೈಪ್ ಹಾಕುವುದಿದ್ದರೆ ಹಾಕಿ. ತಪ್ಪಾದರೆ ಅಲ್ಲೇ ತಿದ್ದುತ್ತಾರೆ. ಮನೆಗೆ ಬಂದ ಮೇಲೆ ರಾತ್ರಿ ಹನ್ನೊಂದಕ್ಕೆ ಯಾರನ್ನು ಕೇಳುತ್ತೀರಿ?

ಮೈಯಲ್ಲಿ ಲೋಹದ ಚೂರು ಉಳಿದಿದೆಯಾ, ಉಳಿದಿದ್ದರೆ ಎಲ್ಲೆಲ್ಲಿ ಅಂತ ಬರೆಸಿಕೊಂಡು ಎಕ್ಸ್‌ರೇ ಜೊತೆಗೆ ಇಟ್ಟುಕೊಳ್ಳಿ. ಎಲ್ಲಾ ಚೂರನ್ನೂ ತೆಗೆಯಲು ಆಗುವುದಿಲ್ಲ, ಎಷ್ಟೋ ಜನ ಅದನ್ನು ಇಟ್ಟುಕೊಂಡೇ ಬದುಕುತ್ತಾರೆ. ಆದರೆ ಮುಂದೆ ಯಾವತ್ತಾದರೂ ಸೊಂಟ ನೋವು ಅಂತ ಊರಿನ ಆಸ್ಪತ್ರೆಗೆ ಹೋದಾಗ ಎಂಆರ್‌ಐ ಮಾಡಿಸಿ ಅಂದರೆ, ಯಂತ್ರದೊಳಗೆ ಹೋಗುವ ಮುಂಚೆ ಈ ವಿಷಯ ಹೇಳಲೇಬೇಕು. ಆ ಅಯಸ್ಕಾಂತಕ್ಕೆ ಕಬ್ಬಿಣದ ಚೂರು ಒಳಗಿಂದೊಳಗೇ ಅಲುಗಾಡಬಹುದು. ಕಣ್ಣಿನ ಹತ್ತಿರವೋ ಬೆನ್ನುಹುರಿಯ ಹತ್ತಿರವೋ ಇದ್ದರೆ ದೊಡ್ಡ ಅಪಾಯ.

ಊರಿಗೆ ಬರುವ ದಿನ

ತೆರೆದ ಜೀಪು, ಹಾರ, ಡಿಜೆ, ಪಟಾಕಿ, ಫ್ಲೆಕ್ಸು. ಊರವರ ಅಭಿಮಾನ ದೊಡ್ಡದೇ, ಬೇಡ ಅನ್ನುವುದು ಕಷ್ಟ. ಆದರೂ ಒಪ್ಪಿಕೊಳ್ಳುವ ಮುಂಚೆ ಅವರನ್ನೇ ಕೇಳಿ. ಹಾರ ಬೇಕಾ, ಮೆರವಣಿಗೆ ಬೇಕಾ, ಸುಮ್ನೆ ಮನೆಗೆ ಬಂದು ಮಲಗಬೇಕಾ ಅಂತ. ಪಟಾಕಿ ಮಾತ್ರ ಕೇಳದೆಯೇ ಬೇಡ ಅನ್ನಿ. ಸಿಡಿತದಲ್ಲಿ ಗಾಯವಾದವರ ಕಿವಿಯೊಳಗೆ ಸಾಮಾನ್ಯವಾಗಿ ಇನ್ನೂ ಗುಂಯ್ ಅನ್ನುತ್ತಿರುತ್ತದೆ.

ಆಮೇಲೆ ನೋಡಲು ಬರುವವರ ಸಾಲು. "ಅಯ್ಯೋ ಪಾಪ" ಅನ್ನುವವರು, "ಹೇಗಾಯ್ತು, ಎಲ್ಲಿ, ತೋರಿಸು" ಅನ್ನುವವರು. ಅವರಿಗೆ ಉತ್ತರ ಹೇಳುವ ಕೆಲಸವನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಿ, ಸ್ವಲ್ಪ ಖಡಕ್ ಆಗಿ ಮಾತಾಡುವವರಾದರೆ ಒಳ್ಳೆಯದು. ನಮ್ಮಲ್ಲಿ ಅದು ನಮ್ಮ ಅತ್ತಿಗೆ. ಟೀ ಕೊಟ್ಟು ಹತ್ತು ನಿಮಿಷದಲ್ಲಿ ಎಲ್ಲರನ್ನೂ ಎಬ್ಬಿಸಿ ಕಳಿಸುತ್ತಿದ್ದರು.

ಹೊಸ್ತಿಲು, ಬಚ್ಚಲು, ಮಂಚ

ನಮ್ಮ ಕಡೆಯ ಹಳೇ ಮನೆಗಳಲ್ಲಿ ಹೊಸ್ತಿಲು ಎತ್ತರ. ಅದನ್ನು ಕತ್ತರಿಸುತ್ತೇವೆ ಅಂದರೆ ಮನೆಯ ಹಿರಿಯರು ಒಪ್ಪುವುದಿಲ್ಲ, ಜಗಳ ಬೇಕಾಗಿಯೂ ಇಲ್ಲ. ಹೊಸ್ತಿಲಿನ ಎರಡೂ ಕಡೆ ಮರದ ಹಲಗೆಯ ಇಳಿಜಾರು ಇಟ್ಟರೆ ಸಾಕು, ಹಬ್ಬದ ದಿನ ಹಲಗೆ ತೆಗೆದು ಪೂಜೆ ಮಾಡಿಕೊಳ್ಳಲಿ. ಹೊರಗೆ ಜಗಲಿಗೆ ಇಳಿಜಾರು ಕಟ್ಟಿಸುವಾಗ ಮೇಸ್ತ್ರಿಗೆ ಲೆಕ್ಕ ಸರಿಯಾಗಿ ಹೇಳಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಜಾಗ ಇಲ್ಲ ಅಂತ ನಾಲ್ಕು ಅಡಿಯಲ್ಲಿ ಮುಗಿಸಿದರೆ ಅದು ಜಾರುಬಂಡಿ. ವೀಲ್‌ಚೇರ್ ತಾವೇ ತಳ್ಳಿಕೊಂಡು ಹತ್ತಲು ಆಗಲ್ಲ, ಇಳಿಯುವಾಗ ಮುಗ್ಗರಿಸುತ್ತಾರೆ.

ಬಚ್ಚಲುಮನೆಗೆ ದುಡ್ಡು ಜಾಸ್ತಿ ಹಾಕಿ, ಉಳಿದದ್ದಕ್ಕೆ ಕಡಿಮೆ ಆದರೂ ಪರವಾಗಿಲ್ಲ. ಬೀಳುವುದೆಲ್ಲ ಅಲ್ಲೇ. ಜಾರದ ಟೈಲ್ಸ್, ಗೋಡೆಗೆ ಗಟ್ಟಿಯಾಗಿ ಕೂರಿಸಿದ ಸ್ಟೀಲ್ ಹಿಡಿ (ಟವೆಲ್ ರಾಡ್ ಹಿಡಿದು ಎದ್ದರೆ ಗೋಡೆ ಸಮೇತ ಬರುತ್ತದೆ), ಕೂತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ವೆಸ್ಟರ್ನ್ ಕಮೋಡ್. ಬಾಗಿಲು ಹೊರಗೆ ತೆರೆಯುವ ಹಾಗಿರಲಿ, ಒಳಗೆ ಬಿದ್ದರೆ ಬಾಗಿಲಿಗೆ ಅಡ್ಡವಾಗಿಯೇ ಬಿದ್ದಿರುತ್ತಾರೆ. ಮಂಚದ ಎತ್ತರ ವೀಲ್‌ಚೇರಿನ ಸೀಟಿನ ಎತ್ತರಕ್ಕೆ ಸಮ ಇರಲಿ. ಕಾಲಿನ ಕೆಳಗೆ ಇಟ್ಟಿಗೆ ಕೊಟ್ಟು ಏರಿಸಿದರೂ ಆಗುತ್ತದೆ, ಆದರೆ ಅಲ್ಲಾಡಬಾರದು.

ಕಾಲು ತೆಗೆದಿದ್ದರೆ

ಮಲಗಿದಾಗ ಕತ್ತರಿಸಿ ಉಳಿದ ಕಾಲಿನ ಕೆಳಗೆ ದಿಂಬು ಇಡುವುದು ಎಲ್ಲಾ ಮನೆಯಲ್ಲೂ ನಡೆಯುವ ತಪ್ಪು. ಆರಾಮ ಅನ್ನಿಸುತ್ತದೆ ನಿಜ. ಆದರೆ ಕೆಲವೇ ವಾರಗಳಲ್ಲಿ ಮೊಣಕಾಲು ಮಡಚಿದ ಹಾಗೇ ಬಿಗಿದುಕೊಳ್ಳುತ್ತದೆ, ಆಮೇಲೆ ಕೃತಕ ಕಾಲು ಕೂರುವುದೇ ಇಲ್ಲ. ಮಂಡಿ ನೇರವಾಗಿಯೇ ಇರಲಿ. ಕುರ್ಚಿ ಮೇಲೆ ಕೂತಾಗಲೂ ಒಂದು ಹಲಗೆ ಕೊಟ್ಟು ನೇರ ಇಡಿ. ದಿನಕ್ಕೆ ಎರಡು ಮೂರು ಸಲ ಹದಿನೈದು ಇಪ್ಪತ್ತು ನಿಮಿಷ ಬೋರಲು ಮಲಗಿದರೆ ಸೊಂಟದ ಸ್ನಾಯು ಬಿಗಿಯುವುದಿಲ್ಲ.

ಆ ಕಾಲಿನ ತುದಿಯನ್ನು ದಿನಾ ಸಂಜೆ ಸಾಧಾರಣ ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿ ಆರಲು ಬಿಡಿ. ಬೆಳಿಗ್ಗೆ ತೊಳೆದು ತಕ್ಷಣ ಕೃತಕ ಕಾಲು ಹಾಕಿದರೆ ಒಳಗೆ ತೇವ ಉಳಿದು ಚರ್ಮ ಉಜ್ಜಿ ಹೋಗುತ್ತದೆ. ಒಂದು ಸಣ್ಣ ಕೈಗನ್ನಡಿ ಅವರ ಕೈಗೇ ಕೊಡಿ. ತುದಿಯ ಅಡಿಭಾಗ ಅವರೇ ನೋಡಿಕೊಳ್ಳಲಿ. ಗುಳ್ಳೆಯೋ ಕೆಂಪು ಕಲೆಯೋ ಕಂಡು ಹತ್ತು ನಿಮಿಷವಾದರೂ ಹೋಗದಿದ್ದರೆ ಅವತ್ತು ಕಾಲು ಹಾಕುವ ಹಾಗಿಲ್ಲ, ಮದುವೆ ಮನೆಗೆ ಹೊರಟಿದ್ದರೂ ಸರಿ. ತುದಿಗೆ ಹಾಕುವ ಕಾಲುಚೀಲ ದಿನಾ ಬದಲಾಯಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಏನೂ ಒಣಗುವುದಿಲ್ಲ, ಹಾಗಾಗಿ ನಾಲ್ಕೈದು ಜೊತೆ ಜಾಸ್ತಿಯೇ ಇರಲಿ. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ಬಿಸಿಲಲ್ಲಿ ತೊಂದರೆ ಇನ್ನೊಂದು ಥರ: ಬೆವರು ತುಂಬಿ ಕಾಲು ಒಳಗೇ ಜಾರುತ್ತದೆ. ಮಧ್ಯಾಹ್ನ ಒಮ್ಮೆ ಬಿಚ್ಚಿ ಒರೆಸಿ ಚೀಲ ಬದಲಾಯಿಸಿ ಹಾಕಿಕೊಳ್ಳಬೇಕು.

ಇಲ್ಲದ ಪಾದ ತುರಿಸುತ್ತದೆ, ಇಲ್ಲದ ಹೆಬ್ಬೆರಳು ಉರಿಯುತ್ತದೆ ಅಂದರೆ ನಗಬೇಡಿ, ಹೆದರಲೂಬೇಡಿ. ಮೆದುಳಿನಲ್ಲಿ ಆ ಪಾದದ ಜಾಗ ಇನ್ನೂ ಹಾಗೇ ಇರುತ್ತದೆ, ಅಲ್ಲಿಂದ ಬರುವ ನೋವು ಅದು. ಮಾತ್ರೆ ಇದೆ, ಕನ್ನಡಿ ಚಿಕಿತ್ಸೆಯೂ ಇದೆ. ಎರಡು ಕಾಲಿನ ನಡುವೆ ಉದ್ದ ಕನ್ನಡಿ ಇಟ್ಟುಕೊಂಡು ಚೆನ್ನಾಗಿರುವ ಕಾಲು ಆಡಿಸುತ್ತಾ ಅದರ ಬಿಂಬ ನೋಡುವುದು. 1990ರ ದಶಕದಲ್ಲಿ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಶುರು ಮಾಡಿದ ಕ್ರಮ. ಎಲ್ಲರಿಗೂ ಕೆಲಸ ಮಾಡಲ್ಲ, ಆದರೆ ಖರ್ಚೂ ಇಲ್ಲ. ನಮ್ಮಣ್ಣ ಅತ್ತಿಗೆಯ ಗೋದ್ರೆಜ್ ಬೀರು ಬಾಗಿಲಿನ ಕನ್ನಡಿ ಬಿಚ್ಚಿಸಿ ಇಟ್ಟುಕೊಂಡಿದ್ದ.

ಕೃತಕ ಕಾಲಿಗೆ ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ ಇದೆ, 1944ರಿಂದಲೂ ಸೈನಿಕರಿಗೆ ಕೈಕಾಲು ಮಾಡಿಕೊಡುತ್ತಿರುವ ಜಾಗ. ಬೆಳಗಾವಿ, ಹುಬ್ಬಳ್ಳಿಯಿಂದ ಒಂದು ರಾತ್ರಿಯ ದಾರಿ. ಒಮ್ಮೆ ಮಾಡಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಮೊದಲ ವರ್ಷದಲ್ಲಿ ಕಾಲಿನ ತುದಿ ಸಣ್ಣಗಾಗುತ್ತದೆ, ಅದು ಕೂರುವ ಸಾಕೆಟ್ (ಕೃತಕ ಕಾಲಿನ ಮೇಲಿನ ಬಟ್ಟಲು) ಸಡಿಲವಾಗುತ್ತದೆ, ಮತ್ತೆ ಹೋಗಬೇಕು. ತೂಕ ಏರಿದರೂ ಅಷ್ಟೇ. ಗದ್ದೆ ತೋಟದ ಕೆಲಸ ಮಾಡುವವರಾದರೆ ಜೈಪುರ ಕಾಲಿನ ಬಗ್ಗೆಯೂ ಕೇಳಿ. 1968ರಲ್ಲಿ ಜೈಪುರದಲ್ಲಿ ರೂಪಿಸಿದ ಈ ರಬ್ಬರ್ ಪಾದದಲ್ಲಿ ಬರಿಗಾಲಲ್ಲಿ ಓಡಾಡಬಹುದು, ಕುಕ್ಕರುಗಾಲಲ್ಲಿ ಕೂರಬಹುದು, ಕೆಸರಿಗೂ ಇಳಿಯಬಹುದು. ಪೇಟೆಯ ರಸ್ತೆಗೆ ಒಂದು, ಹೊಲಕ್ಕೆ ಒಂದು ಅಂತ ಎರಡು ಇಟ್ಟುಕೊಂಡವರೂ ಇದ್ದಾರೆ.

ಬೆನ್ನುಹುರಿಗೆ ಪೆಟ್ಟಾಗಿದ್ದರೆ

ಇಲ್ಲಿ ಶತ್ರು ಒಂದೇ, ಬೆಡ್‌ಸೋರ್, ಅಂದರೆ ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣು. ಸ್ಪರ್ಶ ಇಲ್ಲದ ಕಡೆ ಚರ್ಮ ಕೊಳೆಯುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಮಲಗಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ವೀಲ್‌ಚೇರಿನಲ್ಲಿದ್ದಾಗ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಊರಿ ಕುಂಡೆ ಎತ್ತಬೇಕು, ಕೈಯಲ್ಲಿ ಶಕ್ತಿ ಇಲ್ಲದಿದ್ದರೆ ಪಕ್ಕಕ್ಕೆ, ಮುಂದಕ್ಕೆ ಬಾಗಬೇಕು. ಮೊಬೈಲಿನಲ್ಲಿ ಅಲಾರಂ ಇಡಿ. ಬೆಳಿಗ್ಗೆ ಸಂಜೆ ಬಾಲದ ಮೂಳೆ, ಸೊಂಟದ ಪಕ್ಕ, ಹಿಮ್ಮಡಿ ನೋಡಿ. ಕೆಂಪಗಿದ್ದ ಜಾಗ ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರುವಾಗಿದೆ ಅಂತಲೇ ಅರ್ಥ. ನಮ್ಮಂಥ ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದೂ ಕಷ್ಟ, ಸುತ್ತಲಿನದಕ್ಕಿಂತ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡಿ. ಆ ಜಾಗದ ಮೇಲೆ ಮತ್ತೆ ಭಾರ ಬೀಳಬಾರದು. ಎಣ್ಣೆ ಹಚ್ಚಿ ತಿಕ್ಕಬೇಡಿ, ನಡುವೆ ತೂತಿರುವ ರಿಂಗ್ ದಿಂಬು ಕೊಡಬೇಡಿ, ಎರಡರಿಂದಲೂ ಹುಣ್ಣು ಜಾಸ್ತಿಯೇ ಆಗುತ್ತದೆ. ಕಾಲು ತಣ್ಣಗಿದೆ ಅಂತ ಬಿಸಿನೀರಿನ ಚೀಲ ಇಡುವುದಂತೂ ಬೇಡವೇ ಬೇಡ. ಚರ್ಮ ಸುಟ್ಟರೂ ಅವರು "ಹಾ" ಅನ್ನುವುದಿಲ್ಲ.

ಮೂತ್ರಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆಗೊಮ್ಮೆ ಪೈಪ್ ಹಾಕಿ ಖಾಲಿ ಮಾಡಲು ಹೇಳಿರುತ್ತಾರೆ. ಕೈ ಸೋಪಿನಲ್ಲಿ ತೊಳೆಯಿರಿ, ಟೈಮ್ ತಪ್ಪಿಸಬೇಡಿ. ಮೂತ್ರ ಕಲಕಿ ವಾಸನೆ ಬಂದು ಚಳಿ ಜ್ವರ ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಪೈಪ್ ಹಾಕಬೇಕಾಗುತ್ತದೆ ಅಂತ ನೀರು ಕುಡಿಯುವುದೇ ಬಿಡುವವರಿದ್ದಾರೆ, ಕಲ್ಲು ಕಟ್ಟಿಕೊಳ್ಳುವುದು ಆಗಲೇ. ಹೊಟ್ಟೆ ಖಾಲಿ ಮಾಡಿಸುವುದಕ್ಕೂ ದಿನಾ ಒಂದೇ ಹೊತ್ತು ಇರಲಿ, ತಿಂಡಿ ಕಾಫಿ ಆದ ಅರ್ಧ ಗಂಟೆಗೆ ಕಮೋಡ್ ಮೇಲೆ ಕೂರಿಸಿದರೆ ದೇಹ ನಿಧಾನವಾಗಿ ಆ ಟೈಮಿಗೆ ಒಗ್ಗಿಕೊಳ್ಳುತ್ತದೆ.

ಈ ಒಂದು ವಿಷಯ ಮನೆಯವರೆಲ್ಲರಿಗೂ ಬಾಯಿಪಾಠ ಆಗಿರಬೇಕು. ಪೆಟ್ಟು ಎದೆಯ ಮಟ್ಟದಲ್ಲೋ ಅದಕ್ಕಿಂತ ಮೇಲೆಯೋ ಆಗಿದ್ದರೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ಹಾಗೆ ನೋವು ಬಂದು, ಮುಖ ಕೆಂಪಾಗಿ, ಮೇಲ್ಭಾಗ ಮಾತ್ರ ಬೆವರಿ, ಬಿಪಿ ಎಲ್ಲಿಗೋ ಏರಿಬಿಡಬಹುದು. ತಲೆನೋವು ಅಂತ ಮಲಗಿಸಬೇಡಿ. ನೇರವಾಗಿ ಕೂರಿಸಿ, ಬಿಗಿಯಾದ ಬಟ್ಟೆ ಬೆಲ್ಟು ಸಡಿಲ ಮಾಡಿ, ಪೈಪ್ ಮಡಚಿದೆಯಾ, ಮೂತ್ರದ ಚೀಲ ತುಂಬಿದೆಯಾ ನೋಡಿ. ಹೆಚ್ಚಿನ ಸಲ ಮೂತ್ರ ಕಟ್ಟಿದ್ದೇ ಕಾರಣ, ಇಲ್ಲದಿದ್ದರೆ ಮಲ ಕಟ್ಟಿದ್ದು. ಕೂಡಲೇ ಇಳಿಯದಿದ್ದರೆ ಆಸ್ಪತ್ರೆಗೆ ಓಡಿ, ಅಲ್ಲಿ ಡಾಕ್ಟರಿಗೆ "ಬೆನ್ನುಹುರಿಯ ಗಾಯ" ಅಂತ ಮೊದಲೇ ಹೇಳಿ. ಸಣ್ಣ ಊರುಗಳಲ್ಲಿ ಇಂಥ ಕೇಸ್ ಅಪರೂಪ, ಮಾಮೂಲಿ ಬಿಪಿ ಅಂದುಕೊಂಡುಬಿಡುತ್ತಾರೆ.

ಗಂಡ ಹೆಂಡತಿ ಸಂಬಂಧದ ಬಗ್ಗೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಯುರಾಲಜಿ ಡಾಕ್ಟರ್ ಹತ್ತಿರ ಇಬ್ಬರೂ ಹೋಗಿ ಕೇಳಿ. ಔಷಧ ಇದೆ, ಮಗು ಆಗುವ ದಾರಿಯೂ ಎಷ್ಟೋ ಜನಕ್ಕೆ ಇದೆ.

ಮನೆಯಲ್ಲಿ ನೋಡಿಕೊಳ್ಳುವುದು ಸಾಧ್ಯವೇ ಇಲ್ಲದಿದ್ದರೆ ಪುಣೆಯ ಖಡ್ಕಿಯಲ್ಲೂ ಪಂಜಾಬಿನ ಮೊಹಾಲಿಯಲ್ಲೂ ಪ್ಯಾರಾಪ್ಲೆಜಿಕ್ (ಕಾಲುಗಳ ಸ್ವಾಧೀನ ತಪ್ಪಿದವರ) ಪುನರ್ವಸತಿ ಕೇಂದ್ರಗಳಿವೆ. ಕಳಿಸಿದರೆ ಜನ ಏನಂದಾರು ಅಂತ ಯೋಚಿಸಬೇಡಿ. ಮನೆಯಲ್ಲಿ ಮೂಲೆಯ ಮಂಚದಲ್ಲಿ ಇರುವುದಕ್ಕಿಂತ ತನ್ನಂಥವರ ಜೊತೆ ಇರುವುದೇ ಮೇಲು ಅನ್ನುವವರಿದ್ದಾರೆ. ತೀರ್ಮಾನ ಅವರದ್ದೇ ಆಗಿರಲಿ.

ರಾತ್ರಿ, ಶಬ್ದ, ಕೋವಿ

ಕೆಟ್ಟ ಕನಸು ಬಿದ್ದು ಕೂಗಿಕೊಂಡಾಗ ಭುಜ ಹಿಡಿದು ಅಲುಗಾಡಿಸಬೇಡಿ, ಅರೆನಿದ್ದೆಯಲ್ಲಿ ಕೈ ಬೀಸಿಬಿಡುತ್ತಾರೆ. ಲೈಟ್ ಹಾಕಿ, ಕಾಲ ಬುಡದಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ, "ಮನೆಯಲ್ಲಿದ್ದೀರಿ" ಅಂತ ಹೇಳಿ. ಸಿಡಿತದಲ್ಲಿ ತಲೆಗೆ ಪೆಟ್ಟಾದವರಿಗೆ ಹೊರಗೆ ಗಾಯವೇ ಕಾಣದೆ ಮರೆವು, ಬೆಳಕು ಕಂಡರೆ ಕಿರಿಕಿರಿ, ಸಣ್ಣದಕ್ಕೂ ಸಿಟ್ಟು ಬರುವುದುಂಟು. ಸೊಕ್ಕು ಅಂದುಕೊಳ್ಳುವ ಮುಂಚೆ ಡಾಕ್ಟರಿಗೆ ತೋರಿಸಿ. ದೀಪಾವಳಿಗೆ ಮುಂಚೆ ಅಕ್ಕಪಕ್ಕದವರಿಗೆ ಹೇಳಿಬಿಡಿ. ಸದ್ದು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ತಡೆದುಕೊಳ್ಳುತ್ತಾರೆ, ದಿಢೀರ್ ಅಂತ ಬಂದರೆ ಕಷ್ಟ.

ಕೊಡಗಿನವರಿಗೆ ಇದು ಇನ್ನೂ ಸೂಕ್ಷ್ಮ. ಅಲ್ಲಿ ಪುತ್ತರಿ ಹಬ್ಬದಲ್ಲಿ ಕದಿರು ಕೊಯ್ಯುವಾಗ ಗುಂಡು, ಕೈಲ್ ಮುಹೂರ್ತದ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು, ಸಾವಾದರೆ ಎರಡು ಗುಂಡು. ಕೊಡವರಿಗೂ ಜಮ್ಮಾ (ಅಲ್ಲಿನ ಹಳೇ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇರುವುದರಿಂದ ಮನೆಯಲ್ಲೇ ಕೋವಿ ಇರುತ್ತದೆ. ಮನುಷ್ಯ ಮಂಕಾಗಿದ್ದಾರೆ, ನಿದ್ದೆ ಇಲ್ಲ, "ನಾನಿದ್ದು ಏನು ಪ್ರಯೋಜನ" ಅನ್ನುತ್ತಿದ್ದಾರೆ ಅಂದರೆ ಆ ಕೋವಿಯೂ ಅದರ ಗುಂಡುಗಳೂ ಒಕ್ಕದ (ಕುಲದ ಮನೆತನದ) ಹಿರಿಯರ ಮನೆಗೆ ಹೋಗಲಿ. ಕದ್ದು ಸಾಗಿಸಬೇಡಿ, ಹೇಳಿಯೇ ಕಳಿಸಿ. ಬೇರೆ ಜಿಲ್ಲೆಗಳಲ್ಲಿ ಲೈಸೆನ್ಸ್ ಬಂದೂಕು ಇದ್ದರೆ ಪೊಲೀಸ್ ಠಾಣೆಯಲ್ಲಿ ಇಡಲು ಕೇಳಬಹುದು. ತೋಟದ ಕೀಟನಾಶಕದ ಡಬ್ಬಕ್ಕೂ ಬೀಗ ಹಾಕಿ.

"ಬದುಕುವುದು ಬೇಡ ಅನ್ನಿಸುತ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬರೇ ಇರಲು ಬಿಡಬೇಡಿ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ.

ಮಿಲಿಟರಿ ಕ್ಯಾಂಟೀನ್ ರಮ್ಮಿನ ಬಗ್ಗೆ ಒಂದು ಮಾತು. ನರದ ನೋವಿಗೆ, ನಿದ್ದೆಗೆ ಕೊಡುವ ಮಾತ್ರೆಗಳ ಮೇಲೆ ಎರಡು ಪೆಗ್ ಬಿದ್ದರೆ ಉಸಿರಾಟವೇ ನಿಧಾನವಾಗುತ್ತದೆ. ಬಾಟಲಿ ಬಚ್ಚಿಟ್ಟು ಏನೂ ಪ್ರಯೋಜನ ಇಲ್ಲ. ಈ ಮಾತನ್ನು ಅವರ ಯೂನಿಟ್ಟಿನ ಹಳೇ ಸ್ನೇಹಿತರಿಂದ ಹೇಳಿಸಿ. ನಾವು ಹೇಳಿದ್ದು ಕಿವಿಗೆ ಹೋಗದಿದ್ದರೂ ಒಂದೇ ಬಂಕರಿನಲ್ಲಿ ಮಲಗಿದವರು ಹೇಳಿದ್ದು ಹೋಗುತ್ತದೆ.

ಕಾಗದ ಪತ್ರ

ಬೇಜಾರಿನ ಕೆಲಸ, ಆದರೆ ಮೊದಲ ತಿಂಗಳೇ ಕೂತು ಮುಗಿಸಿ. ಮೆಡಿಕಲ್ ಬೋರ್ಡ್ ವರದಿ, ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಗಾಯ ಆದಾಗಿನ ಯೂನಿಟ್ ವರದಿ, ಇವುಗಳ ಜೆರಾಕ್ಸ್ ಎರಡು ಸೆಟ್ ಮಾಡಿ ಬೇರೆ ಬೇರೆ ಮನೆಯಲ್ಲಿ ಇಡಿ. ಬೋರ್ಡ್ ವರದಿಯಲ್ಲಿ ಎರಡು ವಿಷಯ ನೋಡಿ: ಅಂಗವೈಕಲ್ಯ ಎಷ್ಟು ಪರ್ಸೆಂಟ್, ಅದು ಸೇವೆಯಿಂದ ಬಂದದ್ದು ಅಥವಾ ಸೇವೆಯಿಂದ ಜಾಸ್ತಿಯಾದದ್ದು ಅಂತ ಬರೆದಿದ್ದಾರಾ. ಎರಡೂ ಅಲ್ಲ ಅಂತ ಬರೆದಿದ್ದರೆ ಅಂಗವೈಕಲ್ಯ ಪಿಂಚಣಿ ನಿಲ್ಲುತ್ತದೆ, ಮೇಲ್ಮನವಿ ಹಾಕಬೇಕು. ಅಲ್ಲೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕರ್ನಾಟಕದವರಿಗೆ ಅದರ ಪೀಠ ಕೊಚ್ಚಿಯಲ್ಲಿದೆ. ಸೇರುವಾಗ ಇಲ್ಲದ ಕಾಯಿಲೆ ಸೇವೆಯಲ್ಲಿ ಬಂದರೆ ಸೇವೆಯ ಕಾರಣ ಅಂತಲೇ ಮೊದಲು ಭಾವಿಸಬೇಕು ಅಂತ ಸುಪ್ರೀಂ ಕೋರ್ಟ್ 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ, ವಕೀಲರಿಗೆ ಇದನ್ನು ನೆನಪಿಸಿ. ಕಾರ್ಯಾಚರಣೆಯಲ್ಲಿ ಗಾಯಗೊಂಡು ಬ್ಯಾಟಲ್ ಕ್ಯಾಶುವಲ್ಟಿ ಅಂತ ದಾಖಲಾದವರಿಗೆ ವಾರ್ ಇಂಜುರಿ ಪಿಂಚಣಿ ಅಂತ ಬೇರೆಯೇ ಇದೆ. ನೂರು ಪರ್ಸೆಂಟ್ ಅಂಗವೈಕಲ್ಯ ಇದ್ದು ಸದಾ ಒಬ್ಬರು ಜೊತೆಗಿರಬೇಕಾದರೆ ಅದಕ್ಕೂ ಭತ್ಯೆ ಇದೆ. ಬೋರ್ಡ್ ಶಿಫಾರಸು ಮಾಡಿದೆಯಾ ನೋಡಿ.

ಚಿಕಿತ್ಸೆಗೆ 2003ರಲ್ಲಿ ಶುರುವಾದ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಮಾಡಿಸಿ. ಅದರ ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ತೆಗೆದುಕೊಂಡರೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲೂ ದುಡ್ಡಿಲ್ಲದೆ ಆಗುತ್ತದೆ. ತುರ್ತಿನಲ್ಲಿ ಪಟ್ಟಿಯಲ್ಲಿ ಇಲ್ಲದ ಆಸ್ಪತ್ರೆಗೆ ಹೋದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ಇಲ್ಲದಿದ್ದರೆ ಬಿಲ್ಲು ನಿಮ್ಮ ತಲೆಗೇ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಸೇನಾ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ಗೆ ಹೋಗಬೇಕು. ಕೈ ಕಳೆದುಕೊಂಡವರು, ಬೆರಳು ಸುಟ್ಟವರು ಹೆಬ್ಬೆಟ್ಟು ಹೇಗೆ ಒತ್ತುವುದು ಅಂತ ಒದ್ದಾಡುವುದು ಬೇಡ, ಮುಖ ತೋರಿಸಿ ಮಾಡುವ ವ್ಯವಸ್ಥೆ ಇದೆ, ಸಿಎಸ್‌ಸಿ (ಸಾಮಾನ್ಯ ಸೇವಾ) ಕೇಂದ್ರದಲ್ಲಿ ಅದನ್ನೇ ಕೇಳಿ. ಇನ್ನು ಸೇನೆಯ ಕಾಗದ ಇದ್ದರೂ ಜಿಲ್ಲಾಸ್ಪತ್ರೆಯಿಂದ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡ್ ಬೇರೆ ಮಾಡಿಸಿಕೊಳ್ಳಿ, ರಾಜ್ಯದ ಸೌಲಭ್ಯಗಳಿಗೆ ಅದೇ ಬೇಕು. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ನಿಮ್ಮ ಕಡೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಅಲ್ಲಿ ಮಾತಾಡುವುದು ಅವರೇ ಆಗಲಿ, ನೀವು ಫೈಲ್ ಹಿಡಿದುಕೊಂಡು ಪಕ್ಕದಲ್ಲಿರಿ.

ದಿನ ಹೇಗೆ ಕಳೆಯುವುದು

ಗಾಯ ಮಾಗಿದ ಮೇಲೆ ಬರುವ ದೊಡ್ಡ ಕಷ್ಟ ಇದು. ಬೆಳಿಗ್ಗೆ ಐದಕ್ಕೆ ಎದ್ದು ರೂಢಿ ಇರುವವರಿಗೆ ಎದ್ದು ಮಾಡಲು ಏನೂ ಇರುವುದಿಲ್ಲ. ಮನೆಯ ಒಂದು ಜವಾಬ್ದಾರಿ ಪೂರ್ತಿಯಾಗಿ ಅವರಿಗೆ ಬಿಡಿ. ಮಕ್ಕಳ ಲೆಕ್ಕದ ಪಾಠ, ಮನೆಯ ದುಡ್ಡಿನ ಲೆಕ್ಕ, ತೋಟದ ಕೂಲಿಯವರ ಬಟವಾಡೆ, ಏನಾದರೂ ಸರಿ, ನಡುವೆ ಕೈ ಹಾಕಬೇಡಿ. ಕೆಲಸ ಕಲಿಯುವ ಮನಸ್ಸಿದ್ದರೆ ಖಡ್ಕಿಯಲ್ಲಿ ಕ್ವೀನ್ ಮೇರಿಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ, 1917ರಿಂದ ಗಾಯಗೊಂಡ ಸೈನಿಕರಿಗಾಗಿಯೇ ನಡೆಯುತ್ತಿದೆ.

ಆಟವನ್ನು ಸುಮ್ನೆ ಟೈಂಪಾಸ್ ಅಂದುಕೊಳ್ಳಬೇಡಿ. 1965ರ ಯುದ್ಧದಲ್ಲಿ ಗುಂಡು ತಗುಲಿದ ಮುರಳಿಕಾಂತ್ ಪೇಟ್ಕರ್ ಚಿಕಿತ್ಸೆಗೆ ಅಂತ ಈಜಲು ಶುರು ಮಾಡಿ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 2002ರಲ್ಲಿ ನೆಲಬಾಂಬ್ ಸಿಡಿದು ಕಾಲು ಕಳೆದುಕೊಂಡ ನಾಗಾಲ್ಯಾಂಡಿನ ಹೊಕಾಟೊ ಸೆಮಾ ಶಾಟ್‌ಪುಟ್ ಹಿಡಿದದ್ದು 2016ರಲ್ಲಿ, ಪುಣೆಯಲ್ಲಿ. 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದರು. ಪದಕ ಬರಲೇಬೇಕು ಅಂತ ಏನಿಲ್ಲ. ವಾರಕ್ಕೆ ಮೂರು ದಿನ ಬೆವರು ಬಂದರೆ ರಾತ್ರಿ ನಿದ್ದೆ ಬರುತ್ತದೆ, ತೂಕ ಏರಲ್ಲ, ಸಾಕೆಟ್ ಬಿಗಿಯಾಗಲ್ಲ.

ನೋಡಿಕೊಳ್ಳುವವರಿಗೆ

ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಮಡಚಿ ಹತ್ತಿರ ನಿಂತು ಎತ್ತಿ. ಅದಕ್ಕಿಂತ ಮಂಚದಿಂದ ವೀಲ್‌ಚೇರಿಗೆ ಜಾರಿಕೊಂಡು ಹೋಗಲು ಒಂದು ಸ್ಲೈಡಿಂಗ್ ಹಲಗೆ ಮಾಡಿಸಿಕೊಂಡರೆ ಎತ್ತುವುದೇ ಬೇಕಾಗುವುದಿಲ್ಲ. ನುಣ್ಣಗೆ ಉಜ್ಜಿದ, ಎರಡೂವರೆ ಅಡಿ ಉದ್ದದ, ಅಂಚು ದುಂಡಗಿರುವ ಮರದ ಹಲಗೆ, ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ರಾತ್ರಿ ಪಾಳಿಯನ್ನು ಹೆಂಡತಿ ಒಬ್ಬಳ ಮೇಲೆ ಬಿಡಬೇಡಿ. ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುವ ಹೆಂಗಸು ಹಗಲೂ ದುಡಿಯಬೇಕು ಅಂದರೆ ಎಷ್ಟು ತಿಂಗಳು ಆದೀತು? ಅಣ್ಣತಮ್ಮಂದಿರು ವಾರದ ದಿನ ಹಂಚಿಕೊಳ್ಳಿ. ಅವಳು ತವರಿಗೆ ಹೋಗಿ ಬರಲು ವರ್ಷಕ್ಕೆ ಎರಡು ಸಲವಾದರೂ ಒಂದೊಂದು ವಾರ ಬಿಡಿಸಿಕೊಡಿ, ಆ ವಾರ ಯಾರು ಡ್ರೆಸ್ಸಿಂಗ್ ಮಾಡುತ್ತಾರೆ, ಯಾರು ಪೈಪ್ ನೋಡುತ್ತಾರೆ ಅಂತ ಈಗಲೇ ಒಬ್ಬರಿಗೆ ಕಲಿಸಿಡಿ.